ಸಂಚಿಯೊಳಗಿನ ಉಕ್ಕು

ಬೆಂಗಳೂರಿನಿಂದ ತುಮಕೂರಿಗೆ ಹೊರಟ ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಹಿಡಿದ ಯಾತ್ರಿಕನಿಗೆ ನೋಡಲು ಬೇಕಾದಷ್ಟು ಉಂಟು. ಹೆಬ್ಬಂಡೆಗಳ ಗುಡ್ಡ, ರಾಗಿಯ ಹೊಲ, ಅದರಾಚೆಗೆ ತೆಂಗಿನ ತೋಪು. ಆದರೆ ಅದೃಷ್ಟವಿದ್ದರೆ ಅದಕ್ಕಿಂತ ಸೊಗಸಾದ ನೋಟವೊಂದು ಎದುರಿನ ಆಸನದಲ್ಲಿಯೇ ದೊರೆಯುತ್ತದೆ. ವಯಸ್ಸಾದ ರೈತರೊಬ್ಬರು ಸೊಂಟದಿಂದ ಬಟ್ಟೆಯ ಸಂಚಿಯನ್ನು ಹೊರತೆಗೆಯುತ್ತಾರೆ. ದಾರವೆಳೆದು ಅದರ ಬಾಯಿ ಬಿಡಿಸುತ್ತಾರೆ. ಒಂದು ಅರೆಯಲ್ಲಿ ವೀಳ್ಯದೆಲೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಮತ್ತೊಂದರಲ್ಲಿ ನಾಲ್ಕಾರು ಅಡಿಕೆ. ಎಲ್ಲಕ್ಕಿಂತ ಒಳಗಿನ ಅರೆಯಿಂದ ಹೊರಬರುವುದು ಅಂಗೈಯಷ್ಟು ಉದ್ದದ ಒಂದು ಕಬ್ಬಿಣದ ವಸ್ತು. ಕಟ್ಟೆಂದು ಒಂದು ಸದ್ದು. ಅಡಿಕೆ ಎರಡು ಹೋಳಾಗುತ್ತದೆ.

ಅದೇ ಅಡಕೊತ್ತು. ಕೆಲವರ ಬಾಯಲ್ಲಿ ಅಡಕತ್ತರಿ.

ಹಳೆಯ ಜೇಬುಚಾಕುಗಳನ್ನು ಕೂಡಿಡುವ ಹವ್ಯಾಸ ಲೋಕದಲ್ಲೆಲ್ಲ ಉಂಟು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಚಾಕುಗಳನ್ನೂ ಫ್ರಾನ್ಸಿನ ಲಗಿಯೋಲ್ ಮತ್ತು ಒಪಿನೆಲ್ ಚಾಕುಗಳನ್ನೂ ಸ್ವಿಟ್ಜರ್ಲೆಂಡಿನ ಸೈನಿಕರ ಚಾಕುಗಳನ್ನೂ ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟು ಸಂತೋಷಪಡುವವರು ಸಾವಿರಾರು ಮಂದಿ. ಕನ್ನಡನಾಡಿನಲ್ಲಿ ಅದಕ್ಕೆ ಸರಿಸಮನಾದುದು ಯಾವುದೆಂದು ಕೇಳಿದರೆ ಅಂಗಡಿಯ ಮಡಿಸುವ ಚಾಕುವಿನ ಕಡೆ ಕೈ ತೋರಿಸಬೇಕಾಗಿಲ್ಲ. ನಮ್ಮ ಹಿರಿಯರ ಅಂಗಿಗೆ ಜೇಬೇ ಇರಲಿಲ್ಲ, ಇದ್ದುದು ಸಂಚಿ. ಸಂಚಿಯೊಳಗೆ ಮಡಿಸಿಕೊಂಡು ಮಲಗಿದ್ದ ಉಕ್ಕಿನ ಅಲಗು ಈ ಅಡಕೊತ್ತಿನದು. ತಲೆಮಾರುಗಳ ಕಾಲ ಗಂಡಸರೂ ಹೆಂಗಸರೂ ಸಮಾನವಾಗಿ ಸೊಂಟದಲ್ಲಿ ಇಟ್ಟುಕೊಂಡು ತಿರುಗಿದ ಅಲಗು ನಮ್ಮಲ್ಲಿ ಬೇರೊಂದಿಲ್ಲ.

ಇದನ್ನು ಹುಡುಕಿಕೊಂಡು ಹೋಗುವವರಿಗೆ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ತ್ರಿಕೋನಕ್ಕಿಂತ ಒಳ್ಳೆಯ ಸೀಮೆ ಸಿಕ್ಕುವುದು ಕಷ್ಟ. ತುಮಕೂರು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಅಲ್ಲಿಂದ ಪಶ್ಚಿಮಕ್ಕೆ 20 ಕಿಲೋಮೀಟರ್ ಹೋದರೆ ಗುಬ್ಬಿ. ದಕ್ಷಿಣಕ್ಕೆ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ ಹೋದರೆ ಕುಣಿಗಲ್. ಒಂದೂರಿನಲ್ಲಿ ಉಕ್ಕಿನ ನೆನಪು, ಇನ್ನೊಂದೂರಿನಲ್ಲಿ ಅಡಿಕೆಯ ಘಮ, ಮತ್ತೊಂದೂರಿನಲ್ಲಿ ಕುದುರೆಯ ಗೊರಸಿನ ಸದ್ದು. ಮೂರೂ ಸೇರಿದರೆ ಅಡಕೊತ್ತಿನ ಕಥೆ ಪೂರ್ತಿಯಾಗುತ್ತದೆ.

ತುಮಕೂರು: ಉಕ್ಕಿನ ನೆನಪು

ತುಮಕೂರೆಂದರೆ ಇಂದಿನ ನಗರವಾಸಿಗಳಿಗೆ ನೆನಪಾಗುವುದು ಸಿದ್ಧಗಂಗೆಯ ಮಠ, ದೇವರಾಯನದುರ್ಗದ ಬೆಟ್ಟ. ಕಾರ್ಖಾನೆಗಳ ಕಾಲದ ನೆನಪುಳ್ಳವರಿಗೆ 1970ರ ದಶಕದ ಕೊನೆಯಲ್ಲಿ ಇಲ್ಲಿ ತಲೆಯೆತ್ತಿದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯೂ ನೆನಪಾದೀತು. ಮನೆಮನೆಯ ಮದುವೆಯ ಗಂಡಿಗೆ ಕೈಗಡಿಯಾರ ಒದಗಿಸಿದ ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದ ಮೇಲೆ ಆ ಗಡಿಯಾರಗಳಿಗೆ ಸಂಗ್ರಾಹಕರು ಮುಗಿಬಿದ್ದರು. ತಯಾರಿಸುವ ಕೈ ನಿಂತ ಮೇಲೆಯೇ ವಸ್ತುವಿನ ಬೆಲೆ ತಿಳಿಯುವುದು ಲೋಕದ ರೂಢಿಯಿರಬೇಕು.

ಆದರೆ ಲೋಹದ ಕಸುಬು ಈ ಸೀಮೆಗೆ ಕಾರ್ಖಾನೆಯೊಡನೆ ಬಂದುದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರಲ್ಲಿ ಮೈಸೂರು ಸೀಮೆಯ ಪ್ರವಾಸಕ್ಕೆ ಹೊರಟನು. ಊರೂರಿನ ಬೆಳೆ, ಕಸುಬು, ಸಂತೆ, ತೂಕ, ಅಳತೆಗಳನ್ನೆಲ್ಲ ಬರೆದುಕೊಂಡ ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಧುಗಿರಿಯ ಕಡೆಯಲ್ಲಿ ಕಪ್ಪು ಮರಳನ್ನು ಕಾಯಿಸಿ ಕಬ್ಬಿಣ ತೆಗೆಯುವುದನ್ನು ಅವನು ಕಂಡನು. ಮೈಸೂರಿನ ಉಕ್ಕಿನ ಕುಲುಮೆಗಳಲ್ಲಿ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಯನ್ನೂ ಸೇರಿಸಿ, ಬಾಯಿ ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದ ಬಗೆಯನ್ನು ವಿವರವಾಗಿ ಬರೆದನು. ದಾರಿಯ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಇಂದಿಗೂ ಈ ಸೀಮೆಯಲ್ಲಿ ಬೇಕಾದಷ್ಟಿದೆ. ಅದರ ಕಡ್ಡಿಯಲ್ಲಿನ ಇಂಗಾಲ ಕಬ್ಬಿಣದೊಳಗೆ ಇಳಿದು ಅದನ್ನು ಉಕ್ಕಾಗಿಸುತ್ತಿತ್ತು ಎಂಬುದು ದಾರಿಹೋಕರಿಗೆ ತಿಳಿಯುವುದಾದರೂ ಹೇಗೆ?

ಇಲ್ಲೊಂದು ಸ್ವಾರಸ್ಯವಾದ ಸಂಗತಿ ಉಂಟು. ಹಿಂದೂಸ್ಥಾನದ ಮೂಸೆಯುಕ್ಕಿಗೆ ಯೂರೋಪಿನವರು ‘ವೂಟ್ಸ್’ ಎಂದು ಹೆಸರಿಟ್ಟರು. ಅದು ಕನ್ನಡದ ‘ಉಕ್ಕು’ ಎಂಬ ಮಾತಿನ ರೂಪಾಂತರವೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಬೊಂಬಾಯಿಯಿಂದ ಲಂಡನ್ನಿಗೆ ಹೋದ ಈ ಉಕ್ಕಿನ ಗಟ್ಟಿಗಳನ್ನು ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಪರೀಕ್ಷಿಸಿ, 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಲೇಖನ ಓದಿದನು. ಆ ಉಕ್ಕಿನ ಗುಣ ತಿಳಿಯಲು ಮೊದಲು ಮಾಡಿಸಿದ ವಸ್ತುಗಳಲ್ಲಿ ಒಂದು ಯಾವುದೆಂದು ಬಲ್ಲಿರಾ? ಕತ್ತಿಯಲ್ಲ, ಈಟಿಯಲ್ಲ, ಲೇಖನಿಯ ಗರಿ ಹೆರೆಯುವ ಒಂದು ಪುಟ್ಟ ಜೇಬುಚಾಕು! ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕುಗಾರನು ಅದನ್ನು ಮಾಡಿದನು. ಅದರ ಅಂಚು ಅಲ್ಲಿಯ ಅತ್ಯುತ್ತಮ ಉಕ್ಕಿನ ಅಂಚಿಗೆ ಯಾವ ವಿಧದಲ್ಲಿಯೂ ಕಡಿಮೆಯಿರಲಿಲ್ಲವಂತೆ. ಮುಂದೆ ಇದೇ ಸ್ಟೋಡಾರ್ಟನೊಡನೆ ಕೂಡಿ ವೂಟ್ಸಿನ ರಹಸ್ಯ ಬಿಡಿಸಲು ಶ್ರಮಿಸಿದವನು ಮೈಕೆಲ್ ಫ್ಯಾರಡೆ. ವಿದ್ಯುಚ್ಛಕ್ತಿಯ ಆ ಮಹಾ ವಿಜ್ಞಾನಿ ಹುಟ್ಟಿದ್ದು ಕಮ್ಮಾರನೊಬ್ಬನ ಮನೆಯಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳಲ್ಲಿ ಅಗ್ಗದ ವಿಲಾಯತಿ ಕಬ್ಬಿಣ ಬಂದಿಳಿಯಿತು. ಒಂದೊಂದಾಗಿ ನಾಡಿನ ಉಕ್ಕಿನ ಮೂಸೆಗಳು ತಣ್ಣಗಾದವು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಳ್ಳುವ ಹೊತ್ತಿಗೆ ಹಳೆಯ ವಿದ್ಯೆ ಬಹುಮಟ್ಟಿಗೆ ನೆನಪಾಗಿತ್ತು. ಆದರೆ ಹಳ್ಳಿಯ ಕಮ್ಮಾರ ಉಳಿದನು. ಆಯಗಾರರಲ್ಲಿ ಒಬ್ಬನಾದ ಅವನಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ನೇಗಿಲ ಕುಳ ತಟ್ಟುವುದು, ಕುಡುಗೋಲಿಗೆ ಕಕ್ಕು ಹಾಕುವುದು ಅವನ ನಿತ್ಯದ ಕೆಲಸ. ಬಿಡುವಾದಾಗ, ಬೇಕಾದವರು ಕೇಳಿದಾಗ, ಅಡಿಗಲ್ಲಿನ ಮೇಲೆ ಮೈ ತಳೆಯುತ್ತಿದ್ದುದು ಅಡಕೊತ್ತು.

ತುಮಕೂರಿಗೆ ಬಂದವರು ಅಲ್ಲಿಂದ ಕೆಲವೇ ಮೈಲಿ ದೂರದ ಕೈದಾಳವನ್ನು ನೋಡದೆ ಹೋಗಬಾರದು. ಹೊಯ್ಸಳ ನರಸಿಂಹನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ನಡುವಿನಲ್ಲಿ, ಬಾಚಿ ಎಂಬ ಸಾಮಂತನು ಅಲ್ಲಿ ದೇವಾಲಯಗಳನ್ನು ಕಟ್ಟಿಸಿದನು. ಜಕಣಾಚಾರಿಯ ಐತಿಹ್ಯ ಮುಕ್ತಾಯವಾಗುವುದು ಅಲ್ಲಿಯೇ. ಬೇಲೂರಿನಲ್ಲಿ ಅವನ ಶಿಲ್ಪದ ಕಲ್ಲಿನೊಳಗೆ ಕಪ್ಪೆಯಿರುವುದನ್ನು ಹುಡುಗನೊಬ್ಬ ತೋರಿಸಿಕೊಟ್ಟನಂತೆ. ಸೋತ ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡನಂತೆ. ಹುಡುಗ ತನ್ನ ಮಗನೇ ಎಂದು ತಿಳಿದ ಮೇಲೆ, ಹುಟ್ಟಿದೂರಿಗೆ ಬಂದು ಚೆನ್ನಕೇಶವನನ್ನು ನಿಲ್ಲಿಸಿದಾಗ ಹೋದ ಕೈ ಮರಳಿ ಬಂದಿತಂತೆ. ಇತಿಹಾಸಕಾರರು ಈ ಕಥೆಗೆ ಆಧಾರ ಕೇಳುತ್ತಾರೆ. ಕಸುಬಿನವರು ಕೇಳುವುದಿಲ್ಲ. ಕೈಯೆಂದರೆ ಏನೆಂಬುದು ಅವರಿಗೆ ಗೊತ್ತು.

ಗುಬ್ಬಿ: ಅಡಿಕೆಯ ಪೇಟೆ

ಗುಬ್ಬಿ ಎಂಬ ಹೆಸರಿಗೂ ಒಂದು ಕಥೆಯಿದೆ. ಇಲ್ಲಿ ಪುರಾಣ ಪ್ರವಚನ ನಡೆಯುತ್ತಿದ್ದಾಗ ಪ್ರತಿದಿನವೂ ಎರಡು ಗುಬ್ಬಿಗಳು ಬಂದು ಕೇಳುತ್ತಿದ್ದು, ಪುರಾಣ ಮುಗಿದ ದಿನ ಪ್ರಾಣ ಬಿಟ್ಟವೆಂದು ಜನ ಹೇಳುತ್ತಾರೆ. 1513ರಲ್ಲಿ ‘ಭಾವಚಿಂತಾರತ್ನ’ ಕಾವ್ಯ ಬರೆದ ಮಲ್ಲಣಾರ್ಯ ಈ ಊರಿನವನು. 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವೂ ಇಲ್ಲಿಯದೇ. 1972ರಲ್ಲಿ ತೀರಿಕೊಂಡ ವೀರಣ್ಣನವರಿಂದ ‘ಗುಬ್ಬಿ ಕಂಪನಿ’ ಎಂಬ ಮಾತು ಕನ್ನಡಿಗರ ಮನೆಮಾತಾಯಿತು. ಇತ್ತೀಚೆಗೆ, 2023ರ ಫೆಬ್ರವರಿಯಲ್ಲಿ, ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಪುರಾಣ ಕೇಳಿದ ಗುಬ್ಬಿಗಳ ಊರಿನಿಂದ ಈಗ ಲೋಹದ ಹಕ್ಕಿ ಹಾರಬೇಕಾಗಿದೆ!

ಆದರೆ ಗುಬ್ಬಿಯ ಹಳೆಯ ಹಿರಿಮೆ ಅದರ ಪೇಟೆಯದು. ಬುಕಾನನ್ ಬಂದಾಗಲೇ ಇದು ದೊಡ್ಡ ಸಗಟು ವ್ಯಾಪಾರದ ಊರು. ಅಡಿಕೆ, ಕೊಬ್ಬರಿ, ಮೆಣಸುಗಳು ಘಟ್ಟದ ಕಡೆಯಿಂದಲೂ ಸುತ್ತಣ ತೋಟಗಳಿಂದಲೂ ಇಲ್ಲಿಗೆ ಬಂದು, ಎತ್ತಿನ ಮೇಲೇರಿ ದೂರದ ಊರುಗಳಿಗೆ ಹೋಗುತ್ತಿದ್ದವು. ಕೆರೆಯ ಕೆಳಗಿನ ಅಡಿಕೆಯ ತೋಟ, ತೋಟದ ಅಂಚಿನಲ್ಲಿ ತೆಂಗು, ಅಡಿಕೆಯ ಮರಕ್ಕೇ ಹಬ್ಬಿದ ವೀಳ್ಯದ ಬಳ್ಳಿ: ತಾಂಬೂಲದ ಸಾಮಗ್ರಿಯೆಲ್ಲ ಒಂದೇ ನೆರಳಿನಲ್ಲಿ. ಸುಣ್ಣವೊಂದು ಮಾತ್ರ ಹೊರಗಿನಿಂದ ಬರಬೇಕು.

ಒಣಗಿದ ಅಡಿಕೆ ಕಲ್ಲಿನಂತೆ ಗಡುಸು. ಸಾಧಾರಣ ಚಾಕು ಅದರ ಮೇಲೆ ಜಾರಿ ಬೆರಳಿಗೆ ಗಾಯ ಮಾಡುತ್ತದೆ. ಅಡಕೊತ್ತಿನ ಬುದ್ಧಿವಂತಿಕೆಯಿರುವುದು ಇಲ್ಲಿಯೇ. ಎರಡು ತೋಳುಗಳನ್ನು ಒಂದು ತುದಿಯಲ್ಲಿ ಮೊಳೆ ಬಡಿದು ಕೂಡಿಸಿರುತ್ತದೆ. ಕೆಳಗಿನ ತೋಳು ಅಡಿಕೆ ಕುಳಿತುಕೊಳ್ಳುವ ಪೀಠ, ಮೇಲಿನದು ಅಲಗು. ಅಡಿಕೆಯನ್ನು ಮೊಳೆಯ ಹತ್ತಿರಕ್ಕೆ ತಳ್ಳಿ ಹಿಡಿಯ ಕೊನೆಯಲ್ಲಿ ಅದುಮಬೇಕು. ಮೊಳೆಯಿಂದ ಅಡಿಕೆಗೆ ಒಂದು ಅಂಗುಲ, ಹಿಡಿಗೆ ಐದು ಅಂಗುಲವಿದ್ದರೆ, ಕೈಯ ಬಲ ಅಡಿಕೆಯ ಮೇಲೆ ಐದರಷ್ಟಾಗಿ ಬೀಳುತ್ತದೆ. ಶಾಲೆಯಲ್ಲಿ ಸನ್ನೆಯ ಪಾಠವಾಗಿ ಮಕ್ಕಳು ಓದುವುದನ್ನು ಅಜ್ಜಿ ಸಂಚಿಯಲ್ಲಿಟ್ಟುಕೊಂಡಿದ್ದಳು. ಎರಡೂ ಕಡೆಯಿಂದ ಒತ್ತಡಕ್ಕೆ ಸಿಕ್ಕಿದವನ ಪಾಡನ್ನು ಹೇಳಲು ಕನ್ನಡಿಗರು ‘ಅಡಕತ್ತರಿಯಲ್ಲಿ ಸಿಕ್ಕಿದ ಹಾಗೆ’ ಎನ್ನುವುದು ಸುಮ್ಮನೆ ಅಲ್ಲ.

ಈ ಸರಳವಾದ ಯಂತ್ರಕ್ಕೆ ಕಮ್ಮಾರರೂ ಕಂಚುಗಾರರೂ ಕೊಟ್ಟ ರೂಪಗಳಿಗೆ ಲೆಕ್ಕವಿಲ್ಲ. ಬಡವರ ಸಂಚಿಯದು ಬರಿಯ ಕಬ್ಬಿಣ. ಹಿಡಿಯ ಕೊನೆ ಮಾತ್ರ ಬಾಲದಂತೆ ಸುರುಳಿ ಸುತ್ತಿರುತ್ತದೆ. ಉಳ್ಳವರದು ಹಿತ್ತಾಳೆಯ ಮೈ, ಉಕ್ಕಿನ ಅಲಗು. ಮೊಳೆಯ ಕಡೆಯ ತುದಿ ಗಿಣಿಯ ಕೊಕ್ಕಾಗುತ್ತದೆ, ನವಿಲಿನ ಕೊರಳಾಗುತ್ತದೆ, ಕುದುರೆಯ ಮುಖವಾಗುತ್ತದೆ. ಕೆಲವು ಕಡೆ ತೋಳುಗಳೆರಡೂ ಗಂಡುಹೆಣ್ಣಿನ ಜೋಡಿ. ಅಡಕೊತ್ತು ಮುಚ್ಚಿದರೆ ಇಬ್ಬರೂ ಕೂಡುತ್ತಾರೆ, ತೆರೆದರೆ ಅಗಲುತ್ತಾರೆ. ಮದುವೆಯ ವೀಳ್ಯಕ್ಕೆ ಇದಕ್ಕಿಂತ ತಕ್ಕ ಒಡವೆ ಬೇಕೆ?

ತಾಂಬೂಲವಿಲ್ಲದೆ ನಮ್ಮಲ್ಲಿ ಯಾವ ಕಾರ್ಯ ನಡೆದೀತು? ನಿಶ್ಚಿತಾರ್ಥಕ್ಕೆ ವೀಳ್ಯ, ಬಂದವರಿಗೆ ಎಲೆಅಡಿಕೆ, ಜಗಳ ಮುಗಿದು ರಾಜಿಯಾದರೂ ಎಲೆಅಡಿಕೆಯೇ. ಆದ್ದರಿಂದ ಜಗಲಿಯ ಮೇಲಿನ ಅಡಕೊತ್ತಿನ ಸದ್ದು ಮನೆಗೆ ನಾಲ್ಕು ಜನ ಬರುತ್ತಾರೆಂಬುದರ ಗುರುತು. ಹಲ್ಲು ಹೋದ ಹಿರಿಯರಿಗೆ ಅಡಕೊತ್ತಿನ ತರುವಾಯ ಕುಟ್ಟಾಣಿಯೂ ಬೇಕು. ಅಡಿಕೆಯನ್ನು ಮೊಮ್ಮಕ್ಕಳು ಕುಟ್ಟಬೇಕು, ಕುಟ್ಟಿದ ಕೂಲಿಗೆ ಒಂದು ಕಥೆ ಕೇಳಬೇಕು.

ಇನ್ನೊಂದು ಮಾತನ್ನೂ ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ. ಅಡಿಕೆ ಅಗಿಯುವುದರಿಂದ ಬಾಯಿಯ ಅರ್ಬುದ ರೋಗ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗ 2004ರಲ್ಲಿ ಸ್ಪಷ್ಟವಾಗಿ ಸಾರಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದುದರಿಂದ ಅಡಕೊತ್ತನ್ನು ಮೆಚ್ಚುವವರು ಆ ಅಭ್ಯಾಸವನ್ನೂ ಮೆಚ್ಚಬೇಕಾಗಿಲ್ಲ. ಕತ್ತಿಯನ್ನು ಕೂಡಿಡುವವನು ಯುದ್ಧ ಹೂಡುವುದಿಲ್ಲವಷ್ಟೆ. ಬಳಕೆಯಿಂದ ಬಿಡುಗಡೆಯಾದ ವಸ್ತು ನೋಟಕ್ಕೆ ಹೊಸದಾಗಿ ಒದಗುತ್ತದೆ. ಆದರೆ ಅದೇ ಹೊತ್ತಿನಲ್ಲಿ ಅದು ಕಳೆದುಹೋಗುವ ಅಪಾಯವೂ ಮೊದಲಾಗುತ್ತದೆ.

ಕುಣಿಗಲ್: ಲಾಳ ಮತ್ತು ಅಲಗು

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಊರು ಹತ್ತಿರವಾದಂತೆ ನೆನಪಾಗುವುದು ಜನಪದ ಹಾಡಿನಿಂದ ನಾಡೆಲ್ಲ ಬಲ್ಲ ಆ ದೊಡ್ಡ ಕೆರೆ. ಮಳೆ ಚೆನ್ನಾಗಿ ಬಿದ್ದ ವರ್ಷ ಏರಿಯ ಮೇಲೆ ನಿಂತು ನೋಡಿದರೆ ಹಾಡು ಕಟ್ಟಿದವರ ಮನಸ್ಸು ತಿಳಿಯುತ್ತದೆ. ಕುಣಿಗಲ್ಲಿನ ಇನ್ನೊಂದು ಹೆಸರುವಾಸಿ ಸಂಗತಿ ಕುದುರೆಯ ಫಾರಂ. ಟಿಪ್ಪು ಸುಲ್ತಾನನು ತನ್ನ ಅಶ್ವದಳಕ್ಕಾಗಿ ಇಲ್ಲಿ ಕುದುರೆಗಳನ್ನು ಬೆಳೆಸಿದನೆಂದು ಪ್ರಸಿದ್ಧಿ. ಸೈನ್ಯದ ಕುದುರೆಗಳ ಕಾಲ ಕಳೆದ ಮೇಲೆ ಪಂದ್ಯದ ಕುದುರೆಗಳ ತಳಿಗೆ ಈ ಫಾರಂ ಹೆಸರಾಯಿತು.

ಕುದುರೆಯಿದ್ದಲ್ಲಿ ಕಮ್ಮಾರನಿಗೆ ಕೆಲಸ ತಪ್ಪಿದ್ದಲ್ಲ. ಗೊರಸು ಬೆಳೆಯುತ್ತಲೇ ಇರುತ್ತದೆ. ಅದನ್ನು ಕೆತ್ತಿ ಸಮ ಮಾಡದೆ ಲಾಳ ಕಟ್ಟುವಂತಿಲ್ಲ. ಗೊರಸು ಕೆತ್ತುವ ಚಾಕುವಿನ ತುದಿ ಒಳಕ್ಕೆ ಬಾಗಿರುತ್ತದೆ. ಜೀವವಿಲ್ಲದ ಪದರವನ್ನು ಮಾತ್ರ ಹೆರೆದು, ಒಳಗಿನ ಮೃದುವಾದ ಭಾಗ ಮುಟ್ಟದಂತೆ ಅದನ್ನು ಹಿಡಿಯಬೇಕು. ನೂಲಿನಷ್ಟು ಹೆಚ್ಚು ಕೆತ್ತಿದರೆ ಕುದುರೆ ಕುಂಟುತ್ತದೆ. ಅಂಚಿನ ಚೂಪು ಎಷ್ಟು ಮುಖ್ಯವೋ ಕೈ ನಿಲ್ಲಿಸುವುದೂ ಅಷ್ಟೇ ಮುಖ್ಯವೆಂಬುದನ್ನು ಈ ಕಸುಬು ಕಲಿಸುತ್ತದೆ. ಎತ್ತಿಗೆ ಲಾಳ ಕಟ್ಟುವವರನ್ನು ಈ ಸೀಮೆಯ ದನದ ಜಾತ್ರೆಗಳಲ್ಲಿ ಜನ ನೋಡಿಯೇ ಇರುತ್ತಾರೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆ ಅಂಥವುಗಳಲ್ಲಿ ದೊಡ್ಡದು. ಹಗ್ಗ, ಗೆಜ್ಜೆ, ಮೂಗುದಾರಗಳ ಸಾಲು ಇರುವ ಇಂಥ ಜಾತ್ರೆಯಲ್ಲಿ ಕುಡುಗೋಲು, ಮಚ್ಚು, ಈಳಿಗೆಮಣೆಗಳನ್ನು ಹರಡಿಕೊಂಡು ಕುಳಿತವರ ಮುಂದೆ ಹಳೆಯ ವಸ್ತುಗಳ ಪ್ರಿಯರು ನಿಂತು ನೋಡಬೇಕು. ಹೊಸ ಮಾಲಿನ ನಡುವೆ ಹಳೆಯದೊಂದು ಕಣ್ಣಿಗೆ ಬಿದ್ದರೆ ಅದೇ ಭಾಗ್ಯ.

ಹಳೆಯ ಶ್ಯಾನುಭೋಗರ ಮನೆಗಳದು ಬೇರೆ ಬಗೆಯ ಅಲಗು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲ ಮುಗಿದು ಕಾಗದ ಬಂದಾಗ, ಲೆಕ್ಕಣಿಕೆಯ ತುದಿ ಹೆರೆಯಲು ಒಂದು ಸಣ್ಣ ಚಾಕು ಬೇಕಾಯಿತು. ವಿಲಾಯತಿ ಮಡಿಸುವ ಚಾಕು ಹಾಗೆ ಮರದ ಪೆಟ್ಟಿಗೆ ಸೇರಿತು. ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಎಂಬ ಹಳೆಯ ಸಂಸ್ಥೆಯ ಚಾಕುಗಳು ಹಿಂದೂಸ್ಥಾನದಲ್ಲಿ ಬಹಳ ಹೆಸರು ಪಡೆದಿದ್ದವು. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ ಅವುಗಳ ಗುರುತು. 1891ರಿಂದ ಸ್ವಿಸ್ ಸೈನಿಕರ ಕೈ ಸೇರಿದ ಕಾರ್ಲ್ ಎಲ್ಸೆನರನ ಚಾಕು ಸೀಸದಕಡ್ಡಿಯ ಕಾಲದ ಮಕ್ಕಳ ಕನಸಾಯಿತು. ಇವೂ ಸಂಗ್ರಹಕ್ಕೆ ಯೋಗ್ಯವೇ. ಆದರೆ ಅವುಗಳ ಚರಿತ್ರೆಯನ್ನು ಬೇರೆ ದೇಶದವರು ಬರೆದಿಟ್ಟಿದ್ದಾರೆ. ಅಡಕೊತ್ತಿನ ಬುಡದಲ್ಲಿ ಮಾಡಿದವನ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಅದರ ಚರಿತ್ರೆ ಇರುವುದು ಮನೆಯವರ ಬಾಯಲ್ಲಿ ಮಾತ್ರ.

ಕೂಡಿಟ್ಟವರು

ಈ ವಸ್ತುವನ್ನು ಗಂಭೀರವಾಗಿ ಕೂಡಿಟ್ಟವರಲ್ಲಿ ಮೊದಲು ನೆನೆಯಬೇಕಾದವರು ಪುಣೆಯ ದಿನಕರ ಕೇಳ್ಕರರು. ಸುಮಾರು 1920ರಿಂದ ಊರೂರು ಅಲೆದು ದೀಪ, ಬೀಗ, ಪಾತ್ರೆ, ವಾದ್ಯ, ಅಡಕೊತ್ತುಗಳನ್ನು ಅವರು ಕೂಡಿಸಿದರು. ಎಳವೆಯಲ್ಲಿಯೇ ತೀರಿಕೊಂಡ ಮಗ ರಾಜನ ಹೆಸರನ್ನು ಆ ಸಂಗ್ರಹಕ್ಕಿಟ್ಟು, 1975ರಲ್ಲಿ ಅದನ್ನೆಲ್ಲ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಕೂಡಿಸಿದ ಅಡಕೊತ್ತುಗಳ ಮೇಲೆ ಹೆನ್ರಿ ಬ್ರೌನ್‌ರಿಗ್ ಬರೆದ ದೊಡ್ಡ ಪುಸ್ತಕ 1992ರಲ್ಲಿ ಹೊರಬಂದಿತು. ಎಲೆಅಡಿಕೆ ಹಾಕದ ನಾಡಿನ ಗಣಿತದ ಪ್ರೊಫೆಸರನ ಕಣ್ಣಿಗೆ ಬಿದ್ದ ಸೊಗಸು ನಮ್ಮವರ ಕಣ್ಣಿಗೆ ಬೀಳದೆ ಹೋದರೆ ಯಾರನ್ನು ದೂರುವುದು?

ನಮ್ಮಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಉಂಟು. ಅದಕ್ಕಾಗಿ ಹಳ್ಳಿಗಳನ್ನು ಸುತ್ತಿದವರಲ್ಲಿ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರ ಹೆಸರು ದೊಡ್ಡದು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ 1994ರಿಂದ ಜನರಿಗೆ ತೆರೆದಿದೆ. ಕೊಡಗಿನವರಂತೂ ಪೀಚೆಕತ್ತಿಯನ್ನು ವಸ್ತುಸಂಗ್ರಹಾಲಯಕ್ಕೆ ಕಳುಹಿಸದೆ, ಮದುವೆಯ ದಿನ ನಡುಕಟ್ಟಿಗೆ ಸಿಕ್ಕಿಸಿಕೊಂಡು, ಮನೆತನದ ಒಡವೆಯಾಗಿ ಕಾಪಾಡಿಕೊಂಡಿದ್ದಾರೆ. ಬಯಲುಸೀಮೆಯ ಅಡಕೊತ್ತಿಗೆ ಆ ಮರ್ಯಾದೆ ದೊರೆತಿಲ್ಲ.

ಹಳೆಯದನ್ನು ಗುರುತಿಸುವುದು ಹೇಗೆ? ಮೊದಲು ಮೊಳೆ ನೋಡಬೇಕು. ಕೈಯಿಂದ ತಟ್ಟಿ ಕೂಡಿಸಿದ ಮೊಳೆಯ ತಲೆ ಸರಿಯಾದ ಗುಂಡಾಗಿರುವುದಿಲ್ಲ. ತಿರುಪುಮೊಳೆ ಇದ್ದರೆ ಹೊಸದಿರಬೇಕು, ಇಲ್ಲವೆ ರಿಪೇರಿಯಾಗಿರಬೇಕು. ಬಳಿಕ ಅಲಗು ನೋಡಬೇಕು. ವರ್ಷಗಟ್ಟಲೆ ಸಾಣೆ ಹಿಡಿದ ಅಲಗು ನಡುವೆ ಸವೆದು ಬೆಳ್ಳಗೆ ಬಾಗಿರುತ್ತದೆ. ಮೆದು ಕಬ್ಬಿಣದ ಮೈಗೆ ಉಕ್ಕಿನ ಅಂಚು ಬೆಸೆದಿದ್ದರೆ ಎರಡರ ನಡುವೆ ಮಸುಕಾದ ಗೆರೆಯೊಂದು ಕಾಣುತ್ತದೆ. ಹಿಡಿಯಲ್ಲಿ ಹೆಬ್ಬೆರಳು ಕೂರುವೆಡೆ ನಯವಾಗಿ, ಚಿತ್ತಾರದ ಸಂದು ಮಾತ್ರ ಒರಟಾಗಿ ಉಳಿದಿರಬೇಕು. ಎಲ್ಲ ಕಡೆಯೂ ಒಂದೇ ಸಮ ಸವೆದಿದ್ದರೆ, ಅದನ್ನು ಸವೆಸಿದ್ದು ಕಾಲವಲ್ಲ, ವ್ಯಾಪಾರಿಯ ಅರ.

ಮನೆಗೆ ತಂದ ಮೇಲೆ ಹುಣಿಸೆಹಣ್ಣು ಹಾಕಿ ಉಜ್ಜುವ ಆಸೆ ಬರುತ್ತದೆ. ಬೇಡ. ಹಿತ್ತಾಳೆಯ ಮೇಲಿನ ಆ ಮಾಸಲು ಬಣ್ಣ ನೂರು ವರ್ಷದ ಸಂಪಾದನೆ. ಒಂದು ಗಳಿಗೆಯ ಹುಳಿ ಅದನ್ನು ತಿಂದುಹಾಕುತ್ತದೆ. ಒಣಬಟ್ಟೆಯಿಂದ ಒರಸಿ, ಕಬ್ಬಿಣದ ಭಾಗಕ್ಕೆ ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಒಣಗಿದ ಜಾಗದಲ್ಲಿಟ್ಟರೆ ಸಾಕು. ಅಲಗನ್ನು ಹೊಸದಾಗಿ ಸಾಣೆ ಹಿಡಿಸಬಾರದು. ಕಾನೂನೂ ತಿಳಿದಿರಬೇಕು. 1972ರ ಪುರಾವಸ್ತು ಶಾಸನದಂತೆ ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಅಜ್ಜಿಯ ಅಡಕೊತ್ತನ್ನು ಕಳುಹಿಸಬೇಕೆನ್ನುವ ತಾಯಂದಿರು ಇದನ್ನು ಮೊದಲು ವಿಚಾರಿಸಿಕೊಳ್ಳುವುದು ಲೇಸು.

ತೂಕದ ಬೆಲೆ

ಈ ಸೀಮೆಯ ಹಳ್ಳಿಗಳಲ್ಲಿ ಸಂಗ್ರಾಹಕರಿಗೂ ಮನೆಯ ಹಿರಿಯರಿಗೂ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು.

“ಅಜ್ಜಿ, ಈ ಅಡಕೊತ್ತು ಕೊಡ್ತೀರಾ? ಒಳ್ಳೆ ಬೆಲೆ ಕೊಡ್ತೀನಿ.”

“ಕೊಡೋಕೆ ಇದೇನು ಸಂತೇಲಿ ತಂದ ಬದನೆಕಾಯೇನಪ್ಪಾ? ನಮ್ಮತ್ತೆ ಕೈಯಲ್ಲಿ ಆಡಿದ್ದು.”

“ಈಗ ಯಾರೂ ಬಳಸಲ್ವಲ್ಲ, ಅಜ್ಜಿ?”

“ನಾನಿದ್ದೀನಲ್ಲ!”

ಮಾತು ಅಲ್ಲಿಗೆ ಮುಗಿಯುತ್ತದೆ, ಮುಗಿಯುವುದೇ ಸರಿ. ಆದರೆ ಅಜ್ಜಿಯ ಕಾಲ ಮುಗಿದ ಮೇಲೆ? ಹಳೆಯ ಮನೆ ಕೆಡವುವ ದಿನ ಅಟ್ಟದಿಂದ ಮೂಟೆ ಇಳಿಯುತ್ತದೆ. ತೂತಾದ ಕೊಳಗ, ಮುರಿದ ಬೀಗ, ಒಡೆದ ಲಾಟೀನುಗಳ ನಡುವೆ ಅದೂ ಇರುತ್ತದೆ. ಗುಜರಿಯವನ ತಕ್ಕಡಿಗೆ ಗಿಣಿಯ ಕೊಕ್ಕು ತಿಳಿಯುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣದ ಬೆಲೆ, ಹಿತ್ತಾಳೆಗೆ ಹಿತ್ತಾಳೆಯ ಬೆಲೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಕಟ್ಟಿದವರು ಇದನ್ನು ಕಂಡೇ ಕಟ್ಟಿದರೋ ಎನಿಸುತ್ತದೆ.

ಮಾಡುವ ಕೈಗಳ ಪಾಡೂ ಇದೇ. ಅಡಕೊತ್ತು ಕೇಳುವವರಿಲ್ಲದ ಕಡೆ ಅದನ್ನು ಮಾಡಲು ಮಗನಿಗೆ ಯಾವ ಕಮ್ಮಾರ ಕಲಿಸಿಯಾನು? ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ, ತರಬೇತಿ ಅದರಲ್ಲಿ ದೊರೆಯುತ್ತವೆ. ಕುಲುಮೆ ಉರಿಯಲು ಇದು ನೆರವಾದೀತು. ಆದರೆ ಗಿಣಿಯ ಕೊಕ್ಕು ಹೇಗಿರಬೇಕೆಂದು ತೋರಿಸಲು ಹಳೆಯದೊಂದು ಗಿಣಿ ಉಳಿದಿರಬೇಕು.

ಅದನ್ನು ಉಳಿಸಲು ದೊಡ್ಡ ಹಣವೇನೂ ಬೇಕಿಲ್ಲ. ನಗರದ ಮನೆಯವರು ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೂಟೆಯನ್ನು ಒಮ್ಮೆ ಬಿಚ್ಚಬಹುದು. ಸಿಕ್ಕಿದುದಕ್ಕೆ ಒಂದು ಚೀಟಿ ಕಟ್ಟಿ, ಯಾರದು, ಯಾವ ಊರಿನದು, ಯಾವ ಕಾಲದ್ದು, ಯಾರು ಯಾರಿಗೆ ಕೊಟ್ಟರು ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡಬಹುದು. ಸಂಗ್ರಹಕ್ಕೆ ಬೆಲೆ ಬರುವುದು ವಸ್ತುವಿನಿಂದ ಅರ್ಧ, ಆ ಚೀಟಿಯಿಂದ ಅರ್ಧ. ಮಾರುವ ಮನಸ್ಸಿಲ್ಲದವರಿಂದ ಕೊಳ್ಳದಿರುವುದೂ ಕೊಂಡರೆ ನ್ಯಾಯವಾದ ಬೆಲೆ ಕೊಡುವುದೂ ಸಂಗ್ರಾಹಕನ ಧರ್ಮ.

ಸಂಜೆಯ ರೈಲು ಗುಬ್ಬಿಯಿಂದ ತುಮಕೂರಿನ ಕಡೆಗೆ ಹೊರಡುತ್ತದೆ. ತೋಟಗಳ ಮೇಲೆ ಬಿಸಿಲು ಹಳದಿಯಾಗುತ್ತದೆ. ಎದುರಿನ ಆಸನದ ಹಿರಿಯರು ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹಾಕಿ ಮಡಿಸುತ್ತಾರೆ. ಪಕ್ಕದವರಿಗೆ ‘ಹಾಕ್ಕೊಳ್ಳಿ ಸ್ವಾಮಿ’ ಎಂದು ಸಂಚಿ ಚಾಚುತ್ತಾರೆ. ಪಕ್ಕದವರು ನಗುತ್ತಾ ಬೇಡವೆನ್ನುತ್ತಾರೆ; ಆದರೆ ಅಡಕೊತ್ತನ್ನು ಒಮ್ಮೆ ಕೊಡಿ, ನೋಡಿ ಕೊಡುತ್ತೇನೆ ಎನ್ನುತ್ತಾರೆ. ಹಿರಿಯರಿಗೆ ಸ್ವಲ್ಪ ಆಶ್ಚರ್ಯ, ಸ್ವಲ್ಪ ಹೆಮ್ಮೆ. ಪಂಚೆಯ ಅಂಚಿನಿಂದ ಅದನ್ನು ಒರಸಿ ಕೈಗೆ ಕೊಡುತ್ತಾರೆ. “ನಮ್ಮಪ್ಪನದು” ಎನ್ನುತ್ತಾರೆ. ಅಷ್ಟು ಕೇಳಿಸಿಕೊಂಡವರು ಆ ಮಾತನ್ನು ಬರೆದಿಟ್ಟುಕೊಂಡರೆ ಆ ಪಯಣ ಸಾರ್ಥಕ.